ಗೊಡೋ 4: ಹಳೆಯ ಲ್ಯಾಪ್‌ಟಾಪ್, ಮಳೆಗಾಲದ ಕರೆಂಟ್, ಕನ್ನಡದ ಒತ್ತಕ್ಷರ

ಗೊಡೋ ಒಂದು ಗೇಮ್ ಎಂಜಿನ್. ಚಿತ್ರ, ಸದ್ದು, ಕೋಡ್ ಇಷ್ಟನ್ನೂ ಒಂದೆಡೆ ಜೋಡಿಸಿ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಓಡುವ ಗೇಮ್ ಮಾಡಿಕೊಡುವ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ, ಗೇಮ್ ಮಾರಿ ಬಂದ ಹಣದಲ್ಲಿ ಅದಕ್ಕೆ ಪಾಲೂ ಇಲ್ಲ. ತೀರ್ಪು ಮೊದಲೇ ಹೇಳಿಬಿಡೋಣ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆ ಹಳೆಯದೊಂದು ಲ್ಯಾಪ್‌ಟಾಪ್ ಇಟ್ಟುಕೊಂಡು 2ಡಿ ಗೇಮ್ ಮಾಡಲು ಹೊರಟ ವಿದ್ಯಾರ್ಥಿಗೆ ಇದಕ್ಕಿಂತ ಹೊಂದುವ ಎಂಜಿನ್ ಸದ್ಯಕ್ಕಿಲ್ಲ. ಬೆಂಗಳೂರಿನ ದೊಡ್ಡ ಸ್ಟುಡಿಯೋದಲ್ಲಿ ಕೆಲಸ ಹಿಡಿಯುವುದೊಂದೇ ಗುರಿ ಎನ್ನುವವರು ಇದೊಂದನ್ನೇ ನಂಬಿ ಕೂರುವುದು ಬೇಡ.

ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ ಎಲ್ಲೆಡೆ ಸಿಗುತ್ತದೆ, ಅದು ಇಲ್ಲಿಲ್ಲ. ಕರೆಂಟ್ ಹೋದರೆ ಕೆಲಸ ಉಳಿಯುತ್ತದೆಯೇ, ನೆಟ್ ಇಲ್ಲದ ವಾರದಲ್ಲಿ ಕಲಿಯಬಹುದೇ, ಕನ್ನಡ ಅಕ್ಷರ ಒಡೆಯದೆ ಮೂಡುತ್ತದೆಯೇ, ಮಾಡಿದ್ದು ಫೋನಿಗೆ ಹೋಗುತ್ತದೆಯೇ ಎಂಬ ನಾಲ್ಕನ್ನು ಮುಖ್ಯವಾಗಿ ನೋಡಿದೆ. ಅದಕ್ಕೂ ಮೊದಲು ಒಂದು ಪ್ರಶ್ನೆ ಇತ್ಯರ್ಥವಾಗಬೇಕು: ಪುಕ್ಕಟೆ ಎಂಜಿನ್ ಬಂದ ಮಾತ್ರಕ್ಕೆ ಏನಾಗುತ್ತದೆ? ಕೆಲವು ದೇಶಗಳಲ್ಲಿ ಗೇಮ್ ಉದ್ಯಮ ಯಾಕೆ ಬೆಳೆಯಿತು ಎಂದು ನೋಡಿದರೆ ಉತ್ತರ ಅಲ್ಲೇ ಇದೆ.

ಬ್ರಿಟನ್ನಿನಲ್ಲಿ 1982ರಲ್ಲಿ ಜ಼ೆಡ್‌ಎಕ್ಸ್ ಸ್ಪೆಕ್ಟ್ರಮ್ ಬಂತು. 16 ಕೆಬಿ ಮಾದರಿಯ ಬೆಲೆ 125 ಪೌಂಡ್. ಸ್ವಿಚ್ ಒತ್ತಿದ ಕೂಡಲೇ ಎದುರಾಗುತ್ತಿದ್ದುದು ಗೇಮ್ ಅಲ್ಲ, ಬೇಸಿಕ್ ಭಾಷೆಯಲ್ಲಿ ಆಜ್ಞೆ ಬರೆಯುವ ಸಾಲು. ಗೇಮ್ ಆಡಬೇಕಾದರೂ ಕ್ಯಾಸೆಟ್ ಹಾಕಿ ಒಂದು ಆಜ್ಞೆ ಕೊಡಲೇಬೇಕು. ಹಾಗಾಗಿ ಆಡುವ ಯಂತ್ರವೇ ಮಾಡುವ ಯಂತ್ರವೂ ಆಗಿತ್ತು. ಆ ಸ್ಪೆಕ್ಟ್ರಮ್‌ಗಳನ್ನು ಜೋಡಿಸುತ್ತಿದ್ದುದು ಸ್ಕಾಟ್ಲೆಂಡಿನ ಡಂಡಿ ಊರಿನ ಟೈಮೆಕ್ಸ್ ಕಾರ್ಖಾನೆ. ಬಂಗಾಳದ ಸೆಣಬಿನ ಮೇಲೆ ಬದುಕಿ, ಸೆಣಬಿನ ಗಿರಣಿಗಳು ಮುಚ್ಚಿದ ಮೇಲೆ ಬಡವಾದ ಊರು ಅದು. ಟೈಮೆಕ್ಸ್‌ನಲ್ಲಿ ಕೆಲಸ ಕಳೆದುಕೊಂಡ ಡೇವಿಡ್ ಜೋನ್ಸ್ ಪರಿಹಾರದ ಹಣದಲ್ಲಿ ಅಮಿಗಾ ಕಂಪ್ಯೂಟರ್ ಕೊಂಡು ಡಿಎಂಎ ಡಿಸೈನ್ ಕಟ್ಟಿದ. 1991ರಲ್ಲಿ ಲೆಮ್ಮಿಂಗ್ಸ್, 1997ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೋ ಅಲ್ಲಿಂದಲೇ ಬಂದವು. ಅದೇ 1997ರಲ್ಲಿ ಡಂಡಿಯ ಅಬರ್ಟೇ ವಿಶ್ವವಿದ್ಯಾಲಯ ಕಂಪ್ಯೂಟರ್ ಗೇಮ್ ಪದವಿ ಶುರುಮಾಡಿತು. ಅನುಕ್ರಮ ಗಮನಿಸಿ. ಮೊದಲು ಮನೆಯಲ್ಲಿ ಯಂತ್ರ, ನಂತರ ಗೇಮ್, ಪದವಿ ಕೊನೆಗೆ. ನಮ್ಮಲ್ಲಿ ಪದವಿ ಮೊದಲು ತೆರೆಯುವ ಉಮೇದು ಜಾಸ್ತಿ.

ಜಪಾನಿನಲ್ಲೂ ಬುಡ ಇಂಥದ್ದೇ. 1982ರಲ್ಲಿ ಎನಿಕ್ಸ್ ಕಂಪನಿ ಹವ್ಯಾಸಿಗಳಿಗಾಗಿ ಗೇಮ್ ಪ್ರೋಗ್ರಾಮ್ ಸ್ಪರ್ಧೆ ನಡೆಸಿತು. ಗೆದ್ದವರಲ್ಲಿ ಯೂಜಿ ಹೋರಿಯಿ, ಕೋಯಿಚಿ ನಕಾಮುರ ಇದ್ದರು. ನಾಲ್ಕು ವರ್ಷಕ್ಕೆ ಅವರೇ ಡ್ರ್ಯಾಗನ್ ಕ್ವೆಸ್ಟ್ ಮಾಡಿದರು. ಸ್ವೀಡನ್ 1998ರಲ್ಲಿ ತೆರಿಗೆ ನಿಯಮ ಬದಲಿಸಿ, ಉದ್ಯೋಗಿಗಳು ಕಂಪನಿಯ ಮೂಲಕ ಅಗ್ಗವಾಗಿ ಮನೆಗೆ ಕಂಪ್ಯೂಟರ್ ಒಯ್ಯುವಂತೆ ಮಾಡಿತು. ದಕ್ಷಿಣ ಕೊರಿಯಾದಲ್ಲಿ ಜಪಾನಿ ಸಾಂಸ್ಕೃತಿಕ ಸರಕಿಗೆ 1998ರವರೆಗೆ ನಿರ್ಬಂಧವಿತ್ತು, ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಯಂತ್ರ ಬೇರೂರಲಿಲ್ಲ. 1997ರ ಆರ್ಥಿಕ ಕುಸಿತದ ನಂತರ ಸರ್ಕಾರ ಬ್ರಾಡ್‌ಬ್ಯಾಂಡ್ ಹಾಸಿತು, ಗಲ್ಲಿಗಲ್ಲಿಗೆ ಪಿಸಿ ಬಾಂಗ್ ಎಂಬ ಗೇಮ್ ಅಂಗಡಿಗಳು ಬಂದವು, ಆನ್‌ಲೈನ್ ಗೇಮ್ ಅಲ್ಲಿಯ ಕಸುಬಾಯಿತು.

ನಮ್ಮಲ್ಲಿ ಆಡುವ ಯಂತ್ರ ಎಂದರೆ ಫೋನ್. ಅದು ಎಲ್ಲರ ಕೈಯಲ್ಲೂ ಇದೆ, ಆದರೆ ಅದರಲ್ಲಿ ಗೇಮ್ ಮಾಡಲು ದಾರಿ ಇರಲಿಲ್ಲ. ಗೊಡೋವನ್ನು ಅಳೆಯಬೇಕಾದ್ದು ಇಲ್ಲಿ. ಆಡುವವನಿಗೂ ಮಾಡುವವನಿಗೂ ನಡುವೆ ಇರುವ ಅಂತರವನ್ನು ಅದು ಎಷ್ಟು ಕಿರಿದು ಮಾಡುತ್ತದೆ?

ಇಳಿಸಿಕೊಳ್ಳುವುದು

ಗೇಮ್ ಕಟ್ಟುವ ತಂತ್ರಾಂಶವಾದ ಎಡಿಟರ್ 100 ಎಂಬಿಯೊಳಗಿನ ಒಂದು ಜಿಪ್ ಕಡತ. ಬಿಚ್ಚಿದರೆ ಒಳಗಿರುವುದನ್ನು ನೇರ ಓಡಿಸಬಹುದು, ಇನ್‌ಸ್ಟಾಲ್ ಮಾಡುವ ಗೋಜಿಲ್ಲ, ಕಾಲೇಜು ಲ್ಯಾಬಿನ ಅಡ್ಮಿನ್ ಪಾಸ್‌ವರ್ಡ್ ಬೇಕಿಲ್ಲ. ಬೇರೆ ಹೆಸರಾಂತ ಎಂಜಿನ್‌ಗಳಲ್ಲಿ ಯೂನಿಟಿ ಆಂಡ್ರಾಯ್ಡ್ ಭಾಗ ಸೇರಿ ಹಲವು ಜಿಬಿ, ಅನ್‌ರಿಯಲ್ ಹತ್ತಾರು ಜಿಬಿ. ದಿನದ ಡೇಟಾ ಪ್ಯಾಕ್ ನೋಡಿಕೊಂಡು ಬದುಕುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಸಿ ಶಾರ್ಪ್ ಭಾಷೆಯಲ್ಲಿ ಕೋಡ್ ಬರೆಯಬೇಕೆಂದರೆ ಡಾಟ್‌ನೆಟ್ ಹೆಸರಿನ ಬೇರೆ ಆವೃತ್ತಿ ಇದೆ. ಹೊಸಬರು ಅದರ ತಂಟೆಗೆ ಹೋಗಬಾರದು. ಗೊಡೋ 4ರಲ್ಲಿ ಸಿ ಶಾರ್ಪ್ ಗೇಮನ್ನು ಬ್ರೌಸರ್‌ಗೆ ಎಕ್ಸ್‌ಪೋರ್ಟ್ ಮಾಡಲು ಆಗುವುದಿಲ್ಲ, ಅದು ಗೊತ್ತಾಗುವುದು ಕೊನೆಯ ದಿನ.

ಗೇಮನ್ನು ಹೊರತೆಗೆಯಲು ಎಕ್ಸ್‌ಪೋರ್ಟ್ ಟೆಂಪ್ಲೇಟ್ ಎಂಬ ಇನ್ನೊಂದು ಕಡತ ಬೇಕು, ಸುಮಾರು 1 ಜಿಬಿ. ಎಡಿಟರ್ 4.3 ಆದರೆ ಟೆಂಪ್ಲೇಟೂ 4.3ರದ್ದೇ ಇರಬೇಕು, 4.4ರದ್ದು ಹಾಕಿದರೆ ಒಪ್ಪುವುದಿಲ್ಲ. ದಸ್ತಾವೇಜನ್ನು ಪೂರ್ತಿಯಾಗಿ ಎಚ್‌ಟಿಎಂಎಲ್ ಅಥವಾ ಇ-ಪಬ್ ರೂಪದಲ್ಲಿ ಇಳಿಸಿ ಇಟ್ಟುಕೊಳ್ಳಬಹುದು. ಪ್ರತಿಯೊಂದು ಆಜ್ಞೆಯ ವಿವರಣೆ ಎಡಿಟರ್ ಒಳಗೇ ಇದೆ, ಎಫ್1 ಒತ್ತಿದರೆ ಸಾಕು. ಎಡಿಟರ್, ಟೆಂಪ್ಲೇಟ್, ದಸ್ತಾವೇಜು, ಒಂದು ಕನ್ನಡ ಫಾಂಟ್ ಸೇರಿಸಿ ಪೆನ್‌ಡ್ರೈವ್‌ಗೆ ಹಾಕಿ ಸ್ನೇಹಿತರಿಗೆ ಹಂಚಿದರೆ ಕಳ್ಳತನವೂ ಅಲ್ಲ. ಯಾರು ಬೇಕಾದರೂ ಬಳಸಿ ಹಂಚಬಹುದೆನ್ನುವ ಗೊಡೋದ ಎಂಐಟಿ ಲೈಸೆನ್ಸ್ ಅದಕ್ಕೆ ಒಪ್ಪುತ್ತದೆ. ನೆಟ್ ಇಲ್ಲದೆಯೂ ತಿಂಗಳುಗಟ್ಟಲೆ ಕಲಿಯಬಹುದಾದ ಎಂಜಿನ್ ಇದು. ಎರಡನೆಯ ಪರೀಕ್ಷೆಯಲ್ಲಿ ಪೂರ್ತಿ ಅಂಕ.

ಹೊಸ ಪ್ರಾಜೆಕ್ಟ್ ತೆರೆಯುವಾಗ ರೆಂಡರರ್, ಅಂದರೆ ಪರದೆಯ ಮೇಲೆ ಚಿತ್ರ ಬಿಡಿಸುವ ಭಾಗ, ಯಾವುದು ಬೇಕೆಂದು ಕೇಳುತ್ತದೆ: ಫಾರ್ವರ್ಡ್ ಪ್ಲಸ್, ಮೊಬೈಲ್, ಕಂಪ್ಯಾಟಿಬಿಲಿಟಿ. ಇಂಟೆಲ್ 6ನೇ ತಲೆಮಾರಿಗಿಂತ ಹಳೆಯ ಲ್ಯಾಪ್‌ಟಾಪಿನ ಒಳಗ್ರಾಫಿಕ್ಸ್‌ಗೆ ವಿಂಡೋಸ್‌ನಲ್ಲಿ ಮೊದಲೆರಡಕ್ಕೆ ಬೇಕಾದ ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಯ ಬೆಂಬಲ ಇಲ್ಲ. ಅಂಥದ್ದಕ್ಕೆ ಕಣ್ಣುಮುಚ್ಚಿ ಕಂಪ್ಯಾಟಿಬಿಲಿಟಿ ಆರಿಸಿ. ಅದು ಹಳೆಯ ಗ್ರಾಫಿಕ್ಸ್ ವ್ಯವಸ್ಥೆಯಾದ ಓಪನ್‌ಜಿಎಲ್ 3.3 ಇದ್ದರೆ ಓಡುತ್ತದೆ, ಹಳೆಯ ಫೋನಿಗೂ ಬ್ರೌಸರ್‌ಗೂ ಅದೇ ಸೂಕ್ತ. 2ಡಿಗೆ ಅದರಿಂದ ನಷ್ಟ ಬಹುತೇಕ ಇಲ್ಲ. ರ‍್ಯಾಮ್ 4 ಜಿಬಿ ಇದ್ದರೆ ತೆವಳುತ್ತದೆ, 8 ಇದ್ದರೆ ಆರಾಮ.

ಆಂಡ್ರಾಯ್ಡ್ ಫೋನ್, ಟ್ಯಾಬ್‌ಗಳಲ್ಲೂ ಎಡಿಟರ್ ಓಡುತ್ತದೆ. ಆರು ಇಂಚಿನ ಫೋನಿನಲ್ಲಿ ಬೆರಳು ಸಾಲದು. ಹತ್ತು ಇಂಚಿನ ಟ್ಯಾಬ್, ಒಂದು ಬ್ಲೂಟೂತ್ ಕೀಬೋರ್ಡ್ ಇದ್ದರೆ ಸಣ್ಣ ಗೇಮ್ ಮುಗಿಸುವಷ್ಟು ಆಗುತ್ತದೆ. ಸ್ಪೆಕ್ಟ್ರಮ್ ಕಾಲದ ಆ ಗುಣ, ಅಂದರೆ ಆಡುವ ಯಂತ್ರದಲ್ಲೇ ಮಾಡುವುದು, ಇಷ್ಟಾದರೂ ವಾಪಸ್ ಬಂದಿದೆ.

ಕರೆಂಟ್ ಹೋದಾಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕಕ್ಕಡದ ಮಳೆಯಲ್ಲಿ, ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಅಥವಾ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ನಿಜವಾದ ಅಪಾಯ ಕಡತ ಉಳಿಸುವ ಆ ಅರೆ ಕ್ಷಣದಲ್ಲಿ. ಆಗ ಕರೆಂಟ್ ಹೋದರೆ ಕಡತ ಸೊನ್ನೆ ಬೈಟ್ ಆಗಿ ಕೂರುತ್ತದೆ. ಗೊಡೋದಲ್ಲಿ ಇದಕ್ಕೊಂದು ವ್ಯವಸ್ಥೆ ಇದೆ. ಹಳೆಯ ಕಡತದ ಹೆಸರು ಬದಲಿಸಿ ಪಕ್ಕಕ್ಕಿಟ್ಟು, ಹೊಸದನ್ನು ಪೂರ್ತಿ ಬರೆದ ಮೇಲಷ್ಟೇ ಹಳೆಯದನ್ನು ಅಳಿಸುತ್ತದೆ. ಎಡಿಟರ್ ಸೆಟ್ಟಿಂಗ್ಸ್‌ನ ಫೈಲ್‌ಸಿಸ್ಟಮ್ ವಿಭಾಗದಲ್ಲಿ ‘ಸೇಫ್ ಸೇವ್’ ಎಂದು ಶುರುವಾಗುವ ಆಯ್ಕೆ ಇದು. ಮೊದಲಿನಿಂದಲೇ ಆನ್ ಇರುತ್ತದೆ, ಆಫ್ ಮಾಡಬೇಡಿ. ಸ್ಕ್ರಿಪ್ಟ್‌ಗಳು, ಅಂದರೆ ಕೋಡ್ ಕಡತಗಳು, ತಾವಾಗಿಯೇ ಉಳಿಯಲು ಟೆಕ್ಸ್ಟ್ ಎಡಿಟರ್ ವಿಭಾಗದಲ್ಲಿ ಆಟೋಸೇವ್ ಅವಧಿ ಇದೆ, 60 ಸೆಕೆಂಡ್ ಹಾಕಿಕೊಳ್ಳಿ. ಆದರೆ ಅದು ಸ್ಕ್ರಿಪ್ಟ್‌ಗೆ ಮಾತ್ರ. ಗೇಮಿನ ದೃಶ್ಯ, ಪಾತ್ರಗಳನ್ನು ಹಿಡಿದಿಡುವ ಸೀನ್‌ಗಳಿಗೆ ಅಂಥ ಅವಧಿ ಇಲ್ಲ, ಕೈಯಾರೆ ಕಂಟ್ರೋಲ್-ಎಸ್ ಒತ್ತುತ್ತಿರಬೇಕು. ಇದು ಎಂಜಿನ್ನಿನ ಕೊರತೆಯೇ ಸರಿ.

ಪ್ರಾಜೆಕ್ಟ್ ಪ್ರತಿ ತೆಗೆದಿಡುವಾಗ ಚುಕ್ಕಿ-ಗೊಡೋ ಎಂಬ ಫೋಲ್ಡರ್ ಬಿಟ್ಟುಬಿಡಿ. ಅದು ಎಂಜಿನ್ ತಾನೇ ಮತ್ತೆ ಕಟ್ಟಿಕೊಳ್ಳುವ ಸಂಗ್ರಹ, ಗಾತ್ರ ಮಾತ್ರ ದೊಡ್ಡದು. ಚಿತ್ರಗಳ ಪಕ್ಕದಲ್ಲಿರುವ ಹೆಸರು ‘ಇಂಪೋರ್ಟ್’ ಎಂದು ಕೊನೆಯಾಗುವ ಕಡತಗಳನ್ನು ಬಿಡಬಾರದು, ಚಿತ್ರಕ್ಕೆ ಮಾಡಿದ ಹೊಂದಾಣಿಕೆಯೆಲ್ಲ ಅವುಗಳಲ್ಲಿದೆ. ಸೀನ್ ಕಡತಗಳು ಓದಬಹುದಾದ ಪಠ್ಯವಾದ್ದರಿಂದ ಬದಲಾವಣೆಗಳ ಇತಿಹಾಸ ಕಾಪಾಡುವ ಗಿಟ್ ತಂತ್ರಾಂಶಕ್ಕೆ ಚೆನ್ನಾಗಿ ಒಗ್ಗುತ್ತವೆ.

ಒಂದು ಹಾಕಿ ಮೈದಾನ ಮಾಡಿ ನೋಡಿದರೆ

ಗೊಡೋದಲ್ಲಿ ಎಲ್ಲವೂ ನೋಡ್. ಆಟಗಾರ ಒಂದು ನೋಡ್, ಅವನ ಚಿತ್ರ ಅದರ ಕೆಳಗಿನ ನೋಡ್, ಡಿಕ್ಕಿಯ ಆಕಾರ ಇನ್ನೊಂದು. ಈ ಗುಂಪನ್ನು ಸೀನ್ ಎಂದು ಉಳಿಸಿದರೆ ಎಷ್ಟು ಆಟಗಾರರು ಬೇಕೋ ಅಷ್ಟು ಪ್ರತಿ ಹಾಕಬಹುದು. ಗುಣದೋಷ ತಿಳಿಯಲು ಮೇಲಿನಿಂದ ಕಾಣುವ ಹಾಕಿ ಗೇಮ್ ಒಳ್ಳೆಯ ಪರೀಕ್ಷೆ. ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಮೀಟರಿಗೆ 10 ಪಿಕ್ಸೆಲ್ ಎಂದಿಟ್ಟುಕೊಂಡರೆ 914 ಅಡ್ಡ 550. ಗೊಡೋ 4 ತಾನಾಗಿ ತೆರೆಯುವ ಕಿಟಕಿ 1152 ಅಡ್ಡ 648, ಹಾಗಾಗಿ ಮೈದಾನ ಹೇಳಿ ಮಾಡಿಸಿದಂತೆ ಕೂರುತ್ತದೆ. ಗೋಲಿನ ಅಗಲ 3.66 ಮೀಟರ್, ಅಂದರೆ 37 ಪಿಕ್ಸೆಲ್. ಗೋಲಿನ ಮುಂದಿನ ಸ್ಟ್ರೈಕಿಂಗ್ ಸರ್ಕಲ್‌ನ ತ್ರಿಜ್ಯ 14.63 ಮೀಟರ್, 146 ಪಿಕ್ಸೆಲ್. ಚೆಂಡು ಮಾತ್ರ ಅಳತೆಗೆ ತಕ್ಕಂತೆ ಮಾಡಿದರೆ ಒಂದು ಪಿಕ್ಸೆಲ್ಲೂ ಆಗದು. ವ್ಯಾಸ 10 ಪಿಕ್ಸೆಲ್ ಇಡಬೇಕು.

ಚೆಂಡಿಗೆ ರಿಜಿಡ್‌ಬಾಡಿ2ಡಿ ನೋಡ್, ಚಲನೆ, ಡಿಕ್ಕಿಯ ಲೆಕ್ಕವನ್ನು ಎಂಜಿನ್ನೇ ಮಾಡುವಂಥದ್ದು. ಗ್ರ್ಯಾವಿಟಿ ಸ್ಕೇಲ್ ಸೊನ್ನೆ ಮಾಡದಿದ್ದರೆ ಚೆಂಡು ಪರದೆಯ ಕೆಳಗೆ ಬಿದ್ದುಹೋಗುತ್ತದೆ. ಹುಲ್ಲಿನ ಎಳೆತಕ್ಕೆ ಲೀನಿಯರ್ ಡ್ಯಾಂಪ್ 0.5ರಿಂದ ಶುರುಮಾಡಿ ನೋಡಿ. ತೊಂದರೆ ಬರುವುದು ವೇಗದಲ್ಲಿ. ಭೌತಿಕ ಲೆಕ್ಕ ಸೆಕೆಂಡಿಗೆ 60 ಬಾರಿ ನಡೆಯುತ್ತದೆ. ಗಟ್ಟಿ ಹೊಡೆತ ಸೆಕೆಂಡಿಗೆ 30 ಮೀಟರ್, ಅಂದರೆ 300 ಪಿಕ್ಸೆಲ್ ಎಂದುಕೊಂಡರೆ ಲೆಕ್ಕವೊಂದಕ್ಕೆ ಚೆಂಡು 5 ಪಿಕ್ಸೆಲ್ ಸರಿಯುತ್ತದೆ, ಏನೂ ಆಗದು. ಪಂದ್ಯ ಚುರುಕಾಗಲೆಂದು ನಾಲ್ಕು ಪಟ್ಟು ಮಾಡಿದಿರೋ, 20 ಪಿಕ್ಸೆಲ್ ನೆಗೆಯುತ್ತದೆ. ಚೆಂಡಿನ 10, ಗೋಲ್ ಹಲಗೆಯ 2, ಒಟ್ಟು 12ಕ್ಕಿಂತ ನೆಗೆತ ಹೆಚ್ಚಾಯಿತು. ಚೆಂಡು ಹಲಗೆ ತೂರಿ ಆಚೆ ಹೋಗುತ್ತದೆ, ಎಂಜಿನ್‌ಗೆ ಡಿಕ್ಕಿ ಆದದ್ದೇ ತಿಳಿಯುವುದಿಲ್ಲ. ನೆಗೆತದ ನಡುವಿನ ಡಿಕ್ಕಿಯನ್ನೂ ಹುಡುಕುವ ಕಂಟಿನ್ಯುಯಸ್ ಸಿಡಿ ಆಯ್ಕೆಯನ್ನು ಚೆಂಡಿಗೆ ಕಾಸ್ಟ್ ರೇ ಮಾಡುವುದು ಒಂದು ದಾರಿ. ಕಾಣುವ ಹಲಗೆ 2 ಪಿಕ್ಸೆಲ್ಲೇ ಇರಲಿ, ಡಿಕ್ಕಿಯ ಆಕಾರವನ್ನು ಹಿಂಬದಿಗೆ 30 ಪಿಕ್ಸೆಲ್ ದಪ್ಪ ಮಾಡುವುದು ಇನ್ನೂ ಭದ್ರವಾದ ದಾರಿ. ಲೆಕ್ಕವನ್ನು ಸೆಕೆಂಡಿಗೆ 120 ಬಾರಿ ಮಾಡಿದರೂ ಸರಿಹೋಗುತ್ತದೆ, ಆದರೆ ಅಗ್ಗದ ಫೋನ್ ಬಿಸಿಯಾಗುತ್ತದೆ.

ಆಟಗಾರನಿಗೆ ಕ್ಯಾರೆಕ್ಟರ್‌ಬಾಡಿ2ಡಿ, ನಮ್ಮ ಕೋಡ್ ಹೇಳಿದಂತೆ ಚಲಿಸುವ ನೋಡ್. ಇಲ್ಲಿ ಹೊಸಬರೆಲ್ಲ ಎಡವುವ ಕಲ್ಲೊಂದಿದೆ. ಅದನ್ನು ಚಲಿಸುವ ಮೂವ್ ಅಂಡ್ ಸ್ಲೈಡ್ ಆಜ್ಞೆ ಡೆಲ್ಟಾ ಲೆಕ್ಕವನ್ನು, ಅಂದರೆ ಎರಡು ಲೆಕ್ಕಗಳ ನಡುವಿನ ಸಮಯದಿಂದ ಗುಣಿಸುವುದನ್ನು, ಒಳಗೇ ಮಾಡಿಕೊಳ್ಳುತ್ತದೆ. ಅದು ತಿಳಿಯದೆ ವೇಗವನ್ನು ನೀವೂ ಡೆಲ್ಟಾದಿಂದ ಗುಣಿಸಿದರೆ 200 ಇದ್ದದ್ದು ಮೂರು ಚಿಲ್ಲರೆಗೆ ಇಳಿದು ಆಟಗಾರ ನಿಂತಲ್ಲೇ ನಿಂತಂತೆ ಕಾಣುತ್ತಾನೆ. ಇನ್ನೊಂದು, ಯೂಟ್ಯೂಬಿನಲ್ಲಿ ಸಿಗುವ ಪಾಠಗಳಲ್ಲಿ ಬಹಳಷ್ಟು ಗೊಡೋ 3ರವು. ಕೈನೆಮ್ಯಾಟಿಕ್‌ಬಾಡಿ, ಯೀಲ್ಡ್ ಎಂಬ ಪದ ಕಂಡರೆ ಆ ವೀಡಿಯೊ ಮುಚ್ಚಿ. 4ರಲ್ಲಿ ಆ ಹೆಸರುಗಳೇ ಇಲ್ಲ.

ಗೊಡೋದಲ್ಲಿ ಕೋಡ್ ಬರೆಯುವ ಜಿಡಿಸ್ಕ್ರಿಪ್ಟ್ ಪೈಥಾನ್ ತರಹದ ಭಾಷೆ. ಪೈಥಾನ್ ಬಂದವರಿಗೆ ಒಂದು ವಾರ ಸಾಕು. 3ಡಿಯ ಮಾತು ಬೇರೆ. ಒಂದು ಐನ್‌ಮನೆ, ಅದರ ಅಂಗಳ, ಒಳಗಿನ ಕೋಣೆಗಳು ಇಷ್ಟಾದರೆ ಸಲೀಸು. ಕಿಲೋಮೀಟರುಗಟ್ಟಲೆ ಕಾಡು, ತೋಟ ಎಂದು ಹೊರಟರೆ ಅನ್‌ರಿಯಲ್ ತಾನಾಗಿ ಮಾಡಿಕೊಡುವ ಎಷ್ಟೋ ಕೆಲಸವನ್ನು ಇಲ್ಲಿ ಕೈಯಾರೆ ಮಾಡಿಕೊಳ್ಳಬೇಕು.

ಕನ್ನಡ ಅಕ್ಷರ

ನಮ್ಮ ಓದುಗರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಇರಬೇಕು. ಗೊಡೋ 3ರಲ್ಲಿ ಕನ್ನಡ ಅಕ್ಷರಶಃ ಒಡೆದು ಬೀಳುತ್ತಿತ್ತು, ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ಕೂರುತ್ತಿತ್ತು. 2023ರ ಮಾರ್ಚ್‌ನಲ್ಲಿ ಬಂದ 4.0ರಿಂದ ಹಾರ್ಫ್‌ಬಜ್ ಎಂಬ ಅಕ್ಷರಜೋಡಣೆಯ ತಂತ್ರಾಂಶ ಒಳಗೇ ಇದೆ, ಒತ್ತಕ್ಷರ ಸರಿಯಾಗಿ ಮೂಡುತ್ತದೆ. ಅಷ್ಟಕ್ಕೇ ನಿಶ್ಚಿಂತೆಯಿಂದ ಇರಬೇಡಿ.

ಗೊಡೋ ಜೊತೆಗೆ ಬರುವ ಫಾಂಟಿನಲ್ಲಿ ಕನ್ನಡ ಇಲ್ಲ. ಆದರೂ ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ, ಯಾಕೆಂದರೆ ಎಂಜಿನ್ ಸದ್ದಿಲ್ಲದೆ ವಿಂಡೋಸ್‌ನ ಫಾಂಟ್ ಎರವಲು ಪಡೆಯುತ್ತದೆ. ಅದೇ ಗೇಮನ್ನು ಬ್ರೌಸರ್‌ಗೆ ಹಾಕಿದರೆ ಎರವಲು ಕೊಡಲು ಅಲ್ಲಿ ಯಾರೂ ಇಲ್ಲ, ಸಾಲುಸಾಲು ಚೌಕ ಬೀಳುತ್ತದೆ. ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟಿನ ಟಿಟಿಎಫ್ ಕಡತವನ್ನು ಪ್ರಾಜೆಕ್ಟ್ ಫೋಲ್ಡರಿಗೆ ಹಾಕಿ. ಆಮೇಲೆ ಪ್ರಾಜೆಕ್ಟ್ ಸೆಟ್ಟಿಂಗ್ಸ್, ಜಿಯುಐ, ಥೀಮ್, ಕಸ್ಟಮ್ ಫಾಂಟ್‌ನಲ್ಲಿ ಅದನ್ನು ಆರಿಸಿ. ಫಾಂಟಿನ ಲೈಸೆನ್ಸ್ ಪಠ್ಯವನ್ನೂ ಗೇಮಿನ ಜೊತೆ ಇಡಬೇಕು.

ಸಂಭಾಷಣೆ ಒಂದೊಂದೇ ಅಕ್ಷರವಾಗಿ ಮೂಡುವ ಟೈಪಿಂಗ್ ಪರಿಣಾಮ ಎಲ್ಲರಿಗೂ ಇಷ್ಟ. ಕನ್ನಡದಲ್ಲಿ ಅದು ಹೀಗೆ ಕೆಡುತ್ತದೆ: ‘ಪೊನ್ನಂಪೇಟೆ’ ಎಂದು ಬರೆಯಿಸಿದರೆ ಪರದೆಯ ಮೇಲೆ ಪ, ಪೊ, ಪೊನ, ಪೊನ್, ಪೊನ್ನ, ಪೊನ್ನಂ ಎಂದು ಅಕ್ಷರ ಮಿಣುಕುತ್ತಾ ರೂಪ ಬದಲಿಸುತ್ತದೆ. ಲೇಬಲ್ ನೋಡ್‌ನಲ್ಲಿ ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್ ಎಂಬ ಆಯ್ಕೆ ಇದೆ. ಅದನ್ನು ‘ಬಿಫೋರ್ ಶೇಪಿಂಗ್’ನಿಂದ ‘ಆಫ್ಟರ್ ಶೇಪಿಂಗ್’ಗೆ ಬದಲಿಸಿದರೆ ಮೊದಲು ಇಡೀ ಪದ ಜೋಡಣೆಯಾಗಿ ನಂತರ ತುಂಡಾಗುತ್ತದೆ, ಮಿಣುಕು ನಿಲ್ಲುತ್ತದೆ.

ಪದಬಂಧ ಮಾಡುವವರಿಗೆ ಇನ್ನೊಂದು ಗುಂಡಿ. ‘ಪೊನ್ನಂಪೇಟೆ’ಯ ಉದ್ದ ಕೇಳಿದರೆ ಎಂಜಿನ್ 10 ಎನ್ನುತ್ತದೆ. ನಮ್ಮ ಎಣಿಕೆಯಲ್ಲಿ ಅದು ಪೊ, ನ್ನಂ, ಪೇ, ಟೆ, ಒಟ್ಟು 4. ಹಲಂತ ಚಿಹ್ನೆಯ ಮುಂದೆ ವ್ಯಂಜನ ಬಂದರೆ ಹಿಂದಿನದಕ್ಕೇ ಸೇರಿಸಿಕೊ, ಸ್ವರಚಿಹ್ನೆ, ಅನುಸ್ವಾರ, ವಿಸರ್ಗ ಬಂದರೂ ಸೇರಿಸಿಕೊ ಎಂದು ಹತ್ತಿಪ್ಪತ್ತು ಸಾಲು ಕೋಡ್ ನೀವೇ ಬರೆದುಕೊಳ್ಳಬೇಕು.

‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಪಠ್ಯ ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೊಜ್ಜು ಬರುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಎರಡು ಮೂರು ಭಾಷೆ ಇಡುವುದಾದರೆ ಸಿಎಸ್‌ವಿ ಕಡತ ಸಾಕು: ಮೊದಲ ಕಾಲಂ ಕೀಲಿಪದ, ನಂತರ ಕನ್ನಡ, ಇಂಗ್ಲಿಷ್. ಕೊಡವ ತಕ್ಕನ್ನು ಕನ್ನಡ ಲಿಪಿಯಲ್ಲೇ ಬರೆಯುವುದಾದರೆ ಇನ್ನೊಂದು ಕಾಲಂ ಸೇರಿಸಿದರಾಯಿತು, ಅದೇ ಫಾಂಟ್ ಸಾಕು. ಎಕ್ಸೆಲ್‌ನಲ್ಲಿ ಸುಮ್ಮನೆ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಬಹುದು. ಲಿಬ್ರೆ ಆಫೀಸ್‌ನಲ್ಲಿ ಯುಟಿಎಫ್-8 ಆರಿಸಿ ಉಳಿಸಿ. ಬಟನ್‌ಗಳ ಎತ್ತರ ಇಂಗ್ಲಿಷ್ ಅಳತೆಗೆ ಇಟ್ಟರೆ ‘ಸ್ವಾತಂತ್ರ್ಯ’ದಂಥ ಪದದ ಕೆಳಒತ್ತು ಕತ್ತರಿಸಿಹೋಗುತ್ತದೆ. 720 ಪಿಕ್ಸೆಲ್ ಎತ್ತರದ ಪರದೆಗೆ 24ಕ್ಕಿಂತ ಚಿಕ್ಕ ಅಕ್ಷರ ಬೇಡ.

ಇಷ್ಟೆಲ್ಲ ಕಷ್ಟ ಯಾಕೆ, ಇಂಗ್ಲಿಷಿನಲ್ಲೇ ಮಾಡಿದರಾಗದೇ ಎನ್ನುವವರು ಪೋಲೆಂಡ್ ನೋಡಬೇಕು. 1994ರಲ್ಲಿ ಶುರುವಾದ ಸಿಡಿ ಪ್ರೊಜೆಕ್ಟ್ ಮೊದಲಿಗೆ ಗೇಮ್ ಮಾಡುತ್ತಿರಲಿಲ್ಲ, ಹೊರದೇಶದ ಗೇಮ್ ತಂದು ಮಾರುತ್ತಿತ್ತು. ಬೀದಿಬದಿಯಲ್ಲಿ ಕದ್ದ ಪ್ರತಿ ಕವಡೆ ಕಾಸಿಗೆ ಸಿಗುವಾಗ ಅಸಲಿಯನ್ನು ಯಾರು ಕೊಳ್ಳುತ್ತಾರೆ? 1999ರಲ್ಲಿ ಬಾಲ್ಡರ್ಸ್ ಗೇಟ್ ಗೇಮನ್ನು ಅವರು ಹೆಸರಾಂತ ಪೋಲಿಷ್ ನಟರ ದನಿಯಲ್ಲಿ ಪೂರ್ತಿ ಪೋಲಿಷ್ ಭಾಷೆಗೆ ತಂದು, ಚಂದದ ಪೆಟ್ಟಿಗೆಯಲ್ಲಿಟ್ಟು ಮಾರಿದರು, ಜನ ಕೊಂಡರು. ಸ್ವಂತ ಗೇಮ್ ದಿ ವಿಚರ್ ಬಂದದ್ದು 2007ರಲ್ಲಿ. ದುಡ್ಡು ಕೊಟ್ಟು ಕೊಳ್ಳುವ ಸ್ಥಳೀಯ ಗಿರಾಕಿ ಅಲ್ಲಿ ಭಾಷೆಯ ಮೂಲಕ ಹುಟ್ಟಿದ.

ಫೋನಿಗೆ ಕಳಿಸುವುದು

ಗೊಡೋದ ಕಿರಿಕಿರಿಯ ಭಾಗ ಇದು. ಆಂಡ್ರಾಯ್ಡ್ ಆ್ಯಪ್ ಕಟ್ಟಲು ಬೇಕಾದ ಓಪನ್‌ಜೆಡಿಕೆ 17, ಆಂಡ್ರಾಯ್ಡ್ ಎಸ್‌ಡಿಕೆ ಎರಡನ್ನೂ ಬೇರೆಯಾಗಿ ಇಳಿಸಿ, ಎಡಿಟರ್ ಸೆಟ್ಟಿಂಗ್ಸ್‌ನ ಎಕ್ಸ್‌ಪೋರ್ಟ್, ಆಂಡ್ರಾಯ್ಡ್ ವಿಭಾಗದಲ್ಲಿ ಎರಡರ ವಿಳಾಸ ಕೊಡಬೇಕು. 100 ಎಂಬಿಯ ಸುಖ ಇಲ್ಲಿಗೆ ಮುಗಿಯಿತು. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಚಿತ್ರಗಳನ್ನು ಫೋನಿಗೆ ತಕ್ಕ ರೂಪಕ್ಕೆ ತರುವ ಇಟಿಸಿ2 ಎಎಸ್‌ಟಿಸಿ ಆಮದು ಆನ್ ಮಾಡದಿದ್ದರೆ ಎಕ್ಸ್‌ಪೋರ್ಟ್ ಕಿಟಕಿ ಕೆಂಪು ಅಕ್ಷರದಲ್ಲಿ ತಡೆಯುತ್ತದೆ. ತೀರ ಹಳೆಯ 32 ಬಿಟ್ ಫೋನಿನಲ್ಲೂ ಓಡಬೇಕಾದರೆ ಎಆರ್‌ಎಂ ವಿ7 ಪೆಟ್ಟಿಗೆಗೂ ಗುರುತು ಹಾಕಿ.

ಕಂಪ್ಯೂಟರಿನಲ್ಲಿ ಓಡಿದ್ದು ಫೋನಿನಲ್ಲಿ ಚಿತ್ರವಿಲ್ಲದೆ ಕಪ್ಪಾಗಿ ನಿಂತರೆ ಮೊದಲು ನೋಡಬೇಕಾದ್ದು ಕಡತದ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ. ವಿಂಡೋಸ್‌ಗೆ ಎರಡೂ ಒಂದೇ, ಎಕ್ಸ್‌ಪೋರ್ಟ್ ಆದ ಗೇಮಿಗೆ ಬೇರೆ ಬೇರೆ. ಎಲ್ಲ ಹೆಸರನ್ನೂ ಚಿಕ್ಕಕ್ಷರದಲ್ಲೇ ಇಡುವ ಅಭ್ಯಾಸ ಮಾಡಿಕೊಂಡರೆ ಈ ರಗಳೆ ಇರುವುದಿಲ್ಲ. ‘ಆ್ಯಪ್ ಇನ್‌ಸ್ಟಾಲ್ ಆಗಲಿಲ್ಲ’ ಎಂದು ಬಂದರೆ ಫೋನಿನಲ್ಲಿ ಡೀಬಗ್ (ಪರೀಕ್ಷೆಗೆ ಮಾತ್ರದ) ಸಹಿಯ ಹಳೆಯ ಪ್ರತಿ ಇರಬಹುದು, ತೆಗೆದು ಮತ್ತೆ ಹಾಕಿ. ಫೋನಿಗೆ ನೇರ ಹಾಕುವ ಎಪಿಕೆ ಕಡತ ಪ್ಲೇ ಸ್ಟೋರ್‌ಗೆ ನಡೆಯದು, ಎಎಬಿ ಎಂಬ ಬೇರೆ ರೂಪದ ಕಡತ ಬೇಕು. ಎಎಬಿಗೆ ಗ್ರೇಡಲ್ ಬಿಲ್ಡ್ ಎಂಬ ಆಯ್ಕೆ ಆನ್ ಮಾಡಬೇಕು. ಅದು ಮೊದಲ ಸಲ ನೆಟ್‌ನಿಂದ ಬಹಳಷ್ಟು ಎಳೆದುಕೊಳ್ಳುತ್ತದೆ, ಆ ಕೆಲಸಕ್ಕೆ ಒಳ್ಳೆಯ ವೈಫೈ ಇರುವ ಕಡೆ ಹೋಗಿ. ಗೇಮ್ ನಿಮ್ಮದೇ ಎಂದು ತೋರಿಸುವ ಸಹಿಯ ಕೀಸ್ಟೋರ್ ಕಡತ, ಅದರ ಪಾಸ್‌ವರ್ಡ್ ಎರಡನ್ನೂ ಬೇರೆ ಕಡೆ ಪ್ರತಿ ಮಾಡಿಡಿ.

ಯೂನಿಟಿ ಬಿಟ್ಟು ಇದಕ್ಕೆ ಬರಬೇಕೇ?

2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಕಂಪನಿ ಪ್ರತಿ ಇನ್‌ಸ್ಟಾಲ್‌ಗೆ ಶುಲ್ಕ ಎಂದು ಘೋಷಿಸಿತು. ಗಲಾಟೆ ಎದ್ದು, ಒಂದು ವರ್ಷದ ನಂತರ ಪೂರ್ತಿ ಹಿಂತೆಗೆದುಕೊಂಡಿತು. ಆ ನಡುವೆ ಬಹಳ ಜನ ಗೊಡೋ ಕಡೆ ಬಂದರು. ಗೊಡೋದಲ್ಲಿ ಅಂಥ ಭಯ ಇಲ್ಲ. ಅರ್ಜೆಂಟೀನಾದ ಹ್ವಾನ್ ಲಿನಿಯೆಟ್ಸ್ಕಿ, ಏರಿಯಲ್ ಮನ್ಸೂರ್ ತಮ್ಮ ಕೆಲಸಕ್ಕೆಂದು ಕಟ್ಟಿಕೊಂಡಿದ್ದ ಎಂಜಿನ್ನನ್ನು 2014ರಲ್ಲಿ ಎಂಐಟಿ ಲೈಸೆನ್ಸ್ ಅಡಿ ಬಿಚ್ಚಿಟ್ಟರು. ಕೊಟ್ಟ ಲೈಸೆನ್ಸ್ ವಾಪಸ್ ಪಡೆಯಲಾಗದು. ಬ್ರೊಟಾಟೊ, ಡೋಮ್ ಕೀಪರ್, ಕ್ಯಾಸೆಟ್ ಬೀಸ್ಟ್ಸ್ ಇದರಲ್ಲೇ ಮಾಡಿ ಚೆನ್ನಾಗಿ ಹೋದ ಗೇಮ್‌ಗಳು. ಕನ್ಸೋಲ್‌ಗೆ ಮಾತ್ರ ನೇರ ಬೆಂಬಲ ಇಲ್ಲ. ಅಲ್ಲಿಯ ಗೌಪ್ಯ ಒಪ್ಪಂದಗಳು ಬಯಲಿನ ಕೋಡ್‌ಗೆ ಒಗ್ಗವು, ಮೂರನೆಯವರಿಗೆ ಹಣ ಕೊಟ್ಟು ಮಾಡಿಸಬೇಕು.

ಕೆಲಸದ ಮಾತು ಬಂದರೆ ಲೆಕ್ಕ ಬೇರೆ. ಭಾರತದ ಗೇಮ್ ಕಸುಬು ಬಹುಪಾಲು ಹೊರಗಿನವರಿಗಾಗಿ ಮಾಡಿಕೊಡುವ ಕೆಲಸದಿಂದ ಬೆಳೆದದ್ದು. ಬೆಂಗಳೂರಿನಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರ್‌ಆ್ಯಕ್ಟಿವ್ ವಿದೇಶಿ ಗೇಮ್‌ಗಳಿಗೆ ಕಾರು, ಕಟ್ಟಡ, ಪಾತ್ರಗಳ 3ಡಿ ಕಲೆ ಮಾಡಿಕೊಡುತ್ತಿತ್ತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡಿತು. ಡಂಡಿಯಲ್ಲಿ ಹುಟ್ಟಿದ ಗ್ರ್ಯಾಂಡ್ ಥೆಫ್ಟ್ ಆಟೋ ಈಗ ಯಾರದೋ ಅದೇ ರಾಕ್‌ಸ್ಟಾರ್. ಕೈಚಳಕ ನಮ್ಮದು, ಗೇಮಿನ ಒಡೆತನ ಅವರದು. ಇಂಥ ಸ್ಟುಡಿಯೋಗಳು ಕೇಳುವುದು ಅನ್‌ರಿಯಲ್, ಯೂನಿಟಿ, 3ಡಿ ಕಲೆಯ ತಂತ್ರಾಂಶಗಳಾದ ಮಾಯಾ, ಬ್ಲೆಂಡರ್. ಪೊನ್ನಂಪೇಟೆಯಲ್ಲೋ ಕುಶಾಲನಗರದಲ್ಲೋ ಇಂಜಿನಿಯರಿಂಗ್ ಓದುತ್ತಿರುವವರು ಗೊಡೋದಲ್ಲಿ ಒಂದು ಗೇಮ್ ಮುಗಿಸಿ, ಆಮೇಲೆ ಅನ್‌ರಿಯಲ್‌ಗೆ ಹೋಗುವುದು ಜಾಣತನ. ಮುಗಿಸಿದ ಗೇಮ್ ತೋರಿಸಿದರೆ ಸಂದರ್ಶನದಲ್ಲಿ ಬೆಲೆ ಇದೆ, ಅರ್ಧಕ್ಕೆ ಬಿಟ್ಟ ಹತ್ತಕ್ಕೆ ಇಲ್ಲ.

ಎಂಜಿನ್ ಪುಕ್ಕಟೆ ಸಿಕ್ಕರೂ ಅದು ಕೊಡಲಾರದ್ದು ಎರಡಿದೆ, ಹಣ ಮತ್ತು ಜೊತೆಗಾರರು. ಕೆನಡಾದ ಕ್ವೆಬೆಕ್ ಪ್ರಾಂತ್ಯ 1997ರಲ್ಲಿ ಸಂಬಳದ ಮೇಲೆ ಸರ್ಕಾರಿ ನೆರವು ಕೊಟ್ಟು ಯೂಬಿಸಾಫ್ಟ್‌ನ್ನು ಮಾಂಟ್ರಿಯಲ್‌ಗೆ ಕರೆತಂದಿತು. ಅದು ಹಣದ ದಾರಿ. ಕರ್ನಾಟಕ 2012ರಲ್ಲೇ ಅನಿಮೇಶನ್, ಗೇಮಿಂಗ್ ನೀತಿ ತಂದ ರಾಜ್ಯ, ಈಗ 2024-29ರ ಹೊಸ ನೀತಿಯೂ ಇದೆ. ಫಲ ಮಾತ್ರ ಬೆಂಗಳೂರು ಬಿಟ್ಟು ಈಚೆ ಬಂದದ್ದು ಕಡಿಮೆ. ಫಿನ್‌ಲೆಂಡಿನದು ಜೊತೆಗಾರರ ದಾರಿ. 1992ರಲ್ಲಿ ಶುರುವಾದ ಅಸೆಂಬ್ಲಿ ಎಂಬ ಕೂಟದಲ್ಲಿ ಹುಡುಗರು ಕಂಪ್ಯೂಟರ್ ಹೊತ್ತು ತಂದು ಪುಟ್ಟ ಪ್ರೋಗ್ರಾಮ್‌ಗಳಲ್ಲಿ ಪೈಪೋಟಿ ನಡೆಸುತ್ತಿದ್ದರು. ಅಂಥ ಗುಂಪೊಂದರ ಹುಡುಗರೇ 1995ರಲ್ಲಿ ರೆಮೆಡಿ ಕಟ್ಟಿದರು.

ಎರಡನೆಯ ದಾರಿ ಕೊಡಗಿಗೆ ಹೊಸದಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕುಟುಂಬ ಹಾಕಿ 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ತಂಡ ಮುಟ್ಟಿತು. ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ ಆಡುತ್ತಾರೆ, ಆಯ್ಕೆ ಪರೀಕ್ಷೆ ಇಲ್ಲ. ಗೇಮ್ ಮಾಡುವುದಕ್ಕೂ ಬೇಕಾದ್ದು ಅಂಥ ಕೂಟವೇ. 48 ಗಂಟೆಯಲ್ಲಿ ಒಂದು ಗೇಮ್ ಮುಗಿಸುವ ಗ್ಲೋಬಲ್ ಗೇಮ್ ಜ್ಯಾಮ್ 2009ರಿಂದ ನಡೆಯುತ್ತಿದೆ, ಯಾವ ಕಾಲೇಜು ಬೇಕಾದರೂ ತಾಣವಾಗಿ ನೋಂದಾಯಿಸಬಹುದು. ಅದು ಬರುವುದು ಜನವರಿಯಲ್ಲಿ, ಮನೆಮಂದಿಯೆಲ್ಲ ಕಾಫಿ ಕೊಯ್ಲಿನಲ್ಲಿರುವಾಗ ಎಂಬುದೊಂದೇ ತೊಡಕು. ಮಳೆಗಾಲದಲ್ಲಿ ನಮ್ಮದೇ ಒಂದು ಜ್ಯಾಮ್ ಇಟ್ಟರೆ ಪೆನ್‌ಡ್ರೈವಿನಲ್ಲಿರುವ ಗೊಡೋ ಅದಕ್ಕೆ ಸಾಕು, ನೆಟ್ ಬೇಕಿಲ್ಲ.

ಮಾರುವ ಹಂತದಲ್ಲಿ ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ಎಂಬ ಜಾಲತಾಣ ಗೇಮೊಂದಕ್ಕೆ 100 ಡಾಲರ್ ಕೇಳುತ್ತದೆ. ಪ್ಲೇ ಸ್ಟೋರ್ ಖಾತೆಗೆ ಒಂದೇ ಸಲ 25 ಡಾಲರ್. ಆದರೆ 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಗೇಮ್ ಬಿಡುಗಡೆಗೆ ಮೊದಲು ಕನಿಷ್ಠ 12 ಜನ ಸತತ 14 ದಿನ ಪರೀಕ್ಷಕರಾಗಿ ಸೇರಿರಬೇಕು. ನಡುವೆ ಇಬ್ಬರು ಬಿಟ್ಟುಹೋದರೂ ಲೆಕ್ಕ ತಪ್ಪುತ್ತದೆ, ಹಾಗಾಗಿ 15-16 ಜನರನ್ನು ಒಪ್ಪಿಸಿಟ್ಟುಕೊಳ್ಳಿ. ಬಾಜಿ ಕಟ್ಟುವ ಯಾವ ಅಂಶವನ್ನೂ ಸೇರಿಸಬೇಡಿ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿದೆ. ಒಮ್ಮೆ ಪರೀಕ್ಷೆ ಶುರುವಾದ ಮೇಲೆ ಗೊಡೋದ ಹೊಸ ಆವೃತ್ತಿ ಬಂತೆಂದು ಪ್ರಾಜೆಕ್ಟನ್ನು ಅದಕ್ಕೆ ಏರಿಸಲು ಹೋಗಬೇಡಿ. ಶುರುಮಾಡಿದ ಎಡಿಟರ್ ಕಡತ ಪ್ರಾಜೆಕ್ಟಿನ ಪಕ್ಕದಲ್ಲೇ ಇರಲಿ, ಅದರಲ್ಲೇ ಮುಗಿಸಿ.